ಹಳೆಯ ಅಮೆರಿಕನ್ ಶೀಟ್ ಮ್ಯೂಸಿಕ್ ಮುಖಪುಟ: ವರ್ಷ, ಕಲಾವಿದ, ಅಸಲಿತನ ಪತ್ತೆ ಮಾಡುವ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿರುವ ನೆಂಟರು ಹಳೇ ಸಾಮಾನಿನ ಸಂತೆಯಲ್ಲಿ ಕೊಂಡು ತಂದದ್ದಿರಬಹುದು, ನೀವೇ ಆನ್‌ಲೈನ್‌ನಲ್ಲಿ ತರಿಸಿಕೊಂಡದ್ದಿರಬಹುದು. ಬಣ್ಣದ ಚಿತ್ರವಿರುವ ನೂರು ವರ್ಷ ಹಳೆಯ ಶೀಟ್ ಮ್ಯೂಸಿಕ್ (ಹಾಡಿನ ಸ್ವರ, ಸಾಹಿತ್ಯ ಅಚ್ಚು ಹಾಕಿ ಮಾರುತ್ತಿದ್ದ ಮಡಚಿದ ಹಾಳೆ) ಕೈಗೆ ಬಂದಾಗ ಮೂರು ಪ್ರಶ್ನೆ ಏಳುತ್ತವೆ. ಇದು ಯಾವ ವರ್ಷದ ಪ್ರತಿ? ಚಿತ್ರ ಬರೆದವರು ಯಾರು? ಇದು ಅಸಲಿ ಮುದ್ರಣವೋ, ಆಮೇಲೆ ತೆಗೆದ ನಕಲೋ?

ಮೂರಕ್ಕೂ ತಪ್ಪು ಉತ್ತರ ಬರೆದಿಡುವವರೇ ಜಾಸ್ತಿ. ಕಣ್ಣು ಮೊದಲು ಚಿತ್ರದ ಮೇಲೆ ಬೀಳುತ್ತದೆ, ಅಲ್ಲೇ ನಿಂತುಬಿಡುತ್ತದೆ. ಚಿತ್ರದಲ್ಲಿರುವ ಟೋಪಿ, ಲಂಗ, ಮೋಟಾರು ಕಾರು ನೋಡಿ ವರ್ಷ ಊಹಿಸುತ್ತಾರೆ. ಇಲ್ಲಿ ಹೇಳುವ ಕ್ರಮ ಇದಕ್ಕೆ ತಿರುಗಾಮುರುಗ: ಮೊದಲು ಅಳತೆ, ಆಮೇಲೆ ಒಳಪುಟ, ಆಮೇಲೆ ಹಿಂಬದಿ, ಚಿತ್ರ ಕೊನೆಗೆ. ಈ ಕ್ರಮ ಬಿಟ್ಟರೆ ಉಳಿದದ್ದೆಲ್ಲ ದಾರಿ ತಪ್ಪುತ್ತದೆ.

ಸುಮಾರು 1900ರಿಂದ 1930ರವರೆಗೆ ನ್ಯೂಯಾರ್ಕಿನ ಪ್ರಕಾಶಕರು ಹೊರತಂದ ಜನಪ್ರಿಯ ಹಾಡುಗಳಿಗೆ ಇದು ಅನ್ವಯಿಸುತ್ತದೆ. ಆ ಪ್ರಕಾಶಕರು ಮೊದಲಿಗೆ ಗುಂಪುಗೂಡಿದ್ದ ಮ್ಯಾನ್‌ಹ್ಯಾಟನ್ನಿನ 28ನೇ ಬೀದಿಯನ್ನೇ ಟಿನ್ ಪ್ಯಾನ್ ಅಲ್ಲಿ ಅಂತ ಕರೆಯುತ್ತಿದ್ದರು. ಚರ್ಚಿನ ಹಾಡುಗಳಿಗೆ, ಶಾಸ್ತ್ರೀಯ ಸಂಗೀತದ ಪುಸ್ತಕಗಳಿಗೆ ಈ ಲೆಕ್ಕ ಹೊಂದುವುದಿಲ್ಲ.

## ಬೇಕಾದ ಸಾಮಾನು

ಇಂಚು ಗುರುತಿರುವ ಸ್ಕೇಲು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವುದಾದರೂ ಆದೀತು). ಮಾಮೂಲಿ ಟಾರ್ಚು, ಸಾಧ್ಯವಾದರೆ ನೋಟು ಪರೀಕ್ಷಿಸುವ ಯುವಿ ಟಾರ್ಚು. ಮೆತ್ತನೆಯ ಪೆನ್ಸಿಲ್, ನೋಟ್‌ಬುಕ್, ಹಾಳೆಗಿಂತ ದೊಡ್ಡದಾದ ಒಂದು ಗಟ್ಟಿ ರಟ್ಟು. ಬಾಲ್ ಪೆನ್ನು ಆ ಮೇಜಿನ ಹತ್ತಿರವೇ ಇರಬಾರದು.

ಕೈಗವಸು ಬೇಡ. ಬಟ್ಟೆಯ ಕೈಗವಸು ಹಾಕಿದರೆ ಬೆರಳಿಗೆ ಸ್ಪರ್ಶ ಸರಿಯಾಗಿ ಸಿಗದೆ, ಒಣಗಿದ ಅಂಚು ಮುರಿಯುವ ಸಾಧ್ಯತೆಯೇ ಹೆಚ್ಚು. ಸೋಪಿನಲ್ಲಿ ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು.

## ಹಂತ 1: ಬಿಡಿಸುವ ಮುನ್ನ ನೋಡಿ

ಹಾಳೆಯನ್ನು ರಟ್ಟಿನ ಮೇಲಿಟ್ಟು, ರಟ್ಟಿನ ಸಮೇತ ಎತ್ತಿ. ಈ ಹಾಡುಗಳನ್ನು ಅಗ್ಗದ ಮರದ ತಿರುಳಿನ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದರು. ಅದರಲ್ಲಿರುವ ಆಮ್ಲ ವರ್ಷ ಕಳೆದಂತೆ ಕಾಗದವನ್ನೇ ತಿನ್ನುತ್ತದೆ. ಮಡಿಕೆಯ ಗೆರೆ ಎಲ್ಲಕ್ಕಿಂತ ಮೊದಲು ಬಿಡುತ್ತದೆ.

ಮುಖಪುಟವನ್ನು ಪೂರ್ತಿ ಹಿಂದಕ್ಕೆ ಮಗುಚಬೇಡಿ. ಅರ್ಧ ತೆರೆದು ಕೆಳಗೆ ಕೈ ಕೊಟ್ಟು ನೋಡಿ. ಅಂಚನ್ನು ಮುಟ್ಟಿದಾಗ ಹಪ್ಪಳದ ಹಾಗೆ ಚಟ್ ಅಂದರೆ ಅಲ್ಲಿಗೇ ನಿಲ್ಲಿಸಿ, ಒಳಪುಟದ ಕೆಲಸವನ್ನು ಕಡಿಮೆ ತೆರೆದು ಟಾರ್ಚು ಹಾಕಿ ಮುಗಿಸಿ.

ನಡುವೆ ಒಂದು ಬಿಡಿ ಹಾಳೆ ಇದೆಯೇ ನೋಡಿಕೊಳ್ಳಿ. ಕೆಲವು ಹಾಡುಗಳಲ್ಲಿ ಮಡಚಿದ ದೊಡ್ಡ ಹಾಳೆಯ ಒಳಗೆ ಇನ್ನೊಂದು ಹಾಳೆ ಸುಮ್ನೆ ಇಟ್ಟಿರುತ್ತಾರೆ. ಪುಟಸಂಖ್ಯೆ ಹಾರಿದ್ದರೆ ಅದು ಕಳೆದುಹೋಗಿದೆ ಅಂತ ಅರ್ಥ.

## ಹಂತ 2: ಅಳತೆ ತೆಗೆಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದೇ. ಇದೊಂದೇ ಅರ್ಧ ಜಗಳ ಬಗೆಹರಿಸುತ್ತದೆ.

ಮೊದಲ ಮಹಾಯುದ್ಧದವರೆಗೆ ದೊಡ್ಡ ಅಳತೆ ಚಾಲ್ತಿಯಲ್ಲಿತ್ತು: ಸುಮಾರು 10.5 ಇಂಚು ಅಗಲ, 13.5 ಇಂಚು ಎತ್ತರ. ಯುದ್ಧದ ಕಾಲದಲ್ಲಿ ಕಾಗದ ಉಳಿಸಲು ಅಳತೆ ಇಳಿಸಿದರು. ಲಿಯೋ ಫೀಸ್ಟ್ ಕಂಪನಿಯ ಆ ಕಾಲದ ಪ್ರತಿಗಳು ಸುಮಾರು 7 ಇಂಚು ಅಗಲ, 10 ಇಂಚು ಎತ್ತರಕ್ಕೆ ಬಂದವು. ಸರ್ಕಾರಕ್ಕೆ ಸಹಕರಿಸಿ ಕಾಗದ ಉಳಿಸಲೆಂದು ಹಾಡನ್ನು ಚಿಕ್ಕ ಅಳತೆಯಲ್ಲಿ ಹೊರತಂದಿದ್ದೇವೆ ಅನ್ನುವ ಸೂಚನೆ ಅವುಗಳ ಮೇಲೇ ಇರುತ್ತದೆ. ಯುದ್ಧ ಮುಗಿದ ಮೇಲೆ 9 ಇಂಚು ಅಗಲ, 12 ಇಂಚು ಎತ್ತರ ಅನ್ನುವುದು ಗಟ್ಟಿಯಾಗಿ ನಿಂತಿತು.

ಎಲ್ಲ ಪ್ರಕಾಶಕರೂ ಒಂದೇ ದಿನ ಬದಲಾಯಿಸಲಿಲ್ಲ. ಹಾಗಾಗಿ ಅಳತೆ ನೋಡಿ ಇದು ಇಂಥದೇ ವರ್ಷ ಅಂತ ಹೇಳಲಾಗದು. ಆದರೆ ಒಂದು ತೀರ್ಮಾನಕ್ಕೆ ಧೈರ್ಯವಾಗಿ ಬರಬಹುದು. ಒಳಗೆ ಹಕ್ಕಿನ (ಕಾಪಿರೈಟ್) ವರ್ಷ 1911 ಅಂತ ಇದ್ದು ಹಾಳೆ 9ಕ್ಕೆ 12 ಇಂಚು ಇದ್ದರೆ, ಆ ಪ್ರತಿ 1911ರಲ್ಲಿ ಅಚ್ಚಾದದ್ದಲ್ಲ. ಯುದ್ಧದ ಹೊತ್ತಿಗೋ ಆಮೇಲೋ ಮತ್ತೆ ಅಚ್ಚು ಹಾಕಿದ್ದು. ಇಲ್ಲವೇ ಯಾರೋ ಕತ್ತರಿಸಿದ್ದಾರೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಪಿಯಾನೊ ಬೆಂಚಿನ ಒಳಗೆ ಹಿಡಿಸಲಿ ಅಂತ ಮನೆಯವರು ದೊಡ್ಡ ಪ್ರತಿಗಳನ್ನು ಕತ್ತರಿಯಿಂದ ಕತ್ತರಿಸಿ ಚಿಕ್ಕದು ಮಾಡುತ್ತಿದ್ದರು. ಕತ್ತರಿಸಿದ್ದು ಗೊತ್ತಾಗುವುದು ಹೀಗೆ:

- ಮಡಿಕೆಯ ಎದುರಿನ ಅಂಚು ನೇರವಾಗಿಲ್ಲ, ಕತ್ತರಿ ಹೋದ ಕಡೆ ಅಲೆಯಾಗಿದೆ.
- ಒಳಪುಟದಲ್ಲಿ ಸಂಗೀತದ ಸಾಲುಗಳಿಗೆ ಒಂದು ಕಡೆ ಧಾರಾಳ ಜಾಗ, ಇನ್ನೊಂದು ಕಡೆ ಅಂಚಿಗೇ ತಾಗಿದೆ.
- ಮುಖಪುಟದ ತಳದಲ್ಲಿ ಪ್ರಕಾಶಕರ ಹೆಸರಿನ ಅಕ್ಷರಗಳ ಕಾಲು ಹಾರಿಹೋಗಿದೆ.

ಕಲಾವಿದರ ಸಹಿ ಸಾಮಾನ್ಯವಾಗಿ ಕೆಳಗಿನ ಮೂಲೆಯಲ್ಲಿ ಇರುತ್ತದೆ. ಕತ್ತರಿಗೆ ಮೊದಲು ಬಲಿಯಾಗುವುದೂ ಅದೇ. ಕತ್ತರಿಸಿದ ಪ್ರತಿಯಲ್ಲಿ ಸಹಿ ಕಾಣದಿದ್ದರೆ "ಸಹಿ ಇಲ್ಲದ ಚಿತ್ರ" ಅಂತ ಬರೆಯಬೇಡಿ. "ಕತ್ತರಿಸಿದ ಪ್ರತಿ, ಸಹಿ ಕಾಣುತ್ತಿಲ್ಲ" ಅಂತ ಬರೆಯಿರಿ. ಎರಡೂ ಒಂದೇ ಅಲ್ಲ.

## ಹಂತ 3: ಒಳಗಿನ ಮೊದಲ ಸಂಗೀತದ ಪುಟದ ತಳ ಓದಿ

ಹಕ್ಕಿನ ವರ್ಷವನ್ನು ಮುಖಪುಟದಲ್ಲಿ ಹುಡುಕಬೇಡಿ. ಸಂಗೀತ ಶುರುವಾಗುವ ಮೊದಲ ಪುಟದ ತಳದಲ್ಲಿ ಚಿಕ್ಕ ಅಕ್ಷರದಲ್ಲಿ ಕಾಪಿರೈಟ್ ಸಾಲು ಇರುತ್ತದೆ. ಅದನ್ನು ಇದ್ದ ಹಾಗೇ, ಒಂದಕ್ಷರ ಬಿಡದೆ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ.

ವರ್ಷ ರೋಮನ್ ಅಂಕಿಯಲ್ಲಿರುವುದು ಸಾಮಾನ್ಯ. ಎಂಸಿಎಂ ಅಂದರೆ 1900. ಮುಂದೆ ಬರುವ ಎಕ್ಸ್ 10, ವಿ 5, ಐ 1. ಎಲ್ಲರೂ ಎಡವುವುದು ಒಂದೇ ಜೋಡಿಯಲ್ಲಿ: ಎಂಸಿಎಂ ಆದ ಮೇಲೆ ಐ ಮೊದಲು ಬಂದು ಎಕ್ಸ್ ಆಮೇಲೆ ಬಂದರೆ 1909, ಎಕ್ಸ್ ಮೊದಲು ಬಂದು ಐ ಆಮೇಲೆ ಬಂದರೆ 1911. ಮಸುಕಾದ ಅಚ್ಚಿನಲ್ಲಿ ಕೊನೆಯ ಐ ಕಾಣದೆ ಹೋಗುವುದೂ ಉಂಟು. ಇಲ್ಲಿ ಲೂಪ್ ಇಟ್ಟೇ ಓದಿ.

ಈ ವರ್ಷ ಹಾಡಿನದು, ನಿಮ್ಮ ಕೈಯಲ್ಲಿರುವ ಪ್ರತಿಯದಲ್ಲ. ಹಾಡು ಗೆದ್ದರೆ ವರ್ಷಗಟ್ಟಲೆ ಮತ್ತೆ ಮತ್ತೆ ಅಚ್ಚು ಹಾಕುತ್ತಿದ್ದರು. ತಳದ ಸಾಲು ಮಾತ್ರ ಹಾಗೇ ಉಳಿಯುತ್ತಿತ್ತು. ಹಾಗಾಗಿ ಇದನ್ನು "ಇದಕ್ಕಿಂತ ಹಿಂದಿನದಲ್ಲ" ಅಂತ ಮಾತ್ರ ಓದಿಕೊಳ್ಳಬೇಕು. ಎರಡು ವರ್ಷ ಅಚ್ಚಾಗಿದ್ದರೆ ಈಚಿನದನ್ನು ಹಿಡಿಯಿರಿ.

ಕೆಳಗಿನವು ಕಂಡರೆ ತಡೆದು ನಿಲ್ಲಿ:

- ಹಕ್ಕು ನವೀಕರಿಸಲಾಗಿದೆ ಅನ್ನುವ ಮಾತು. ಆಗಿನ ಅಮೆರಿಕದ ಕಾನೂನಿನಲ್ಲಿ ಹಕ್ಕಿನ ಮೊದಲ ಅವಧಿ 28 ವರ್ಷ. ನವೀಕರಣದ ಮಾತಿದ್ದರೆ ಆ ಪ್ರತಿ ಹಾಡು ಹುಟ್ಟಿ ಸುಮಾರು ಮೂರು ದಶಕ ಆದ ಮೇಲಿನದು.
- ವಿಳಾಸದಲ್ಲಿ "ನ್ಯೂಯಾರ್ಕ್ 19" ಎಂಬಂತೆ ಊರಿನ ಹೆಸರಿನ ಮುಂದೆ ಒಂದೆರಡು ಅಂಕಿ. ಅಂಥ ಅಂಚೆ ವಲಯ ಬಂದದ್ದು 1943ರಲ್ಲಿ.
- ಐದಂಕಿಯ ಜಿಪ್ ಕೋಡ್. ಅದು ಶುರುವಾದದ್ದು 1963ರಲ್ಲಿ. ಬಾರ್‌ಕೋಡ್ ಇದ್ದರಂತೂ ಹೇಳುವುದೇ ಬೇಡ.

## ಹಂತ 4: ಪ್ರಕಾಶಕರ ಹೆಸರು ಎರಡು ಕಡೆ ಹೋಲಿಸಿ

ಮುಖಪುಟದ ತಳದಲ್ಲಿರುವ ಹೆಸರನ್ನೂ ಕಾಪಿರೈಟ್ ಸಾಲಿನ ಹೆಸರನ್ನೂ ಪಕ್ಕಪಕ್ಕ ಬರೆಯಿರಿ. ಬೇರೆಬೇರೆ ಇದ್ದರೆ ಹಾಡು ಕೈ ಬದಲಾಯಿಸಿದೆ, ಅಥವಾ ಕಂಪನಿ ಹೆಸರು ಬದಲಾಯಿಸಿದೆ. ಯಾವುದಾದರೂ ಸರಿ, ಪ್ರತಿಯ ವರ್ಷ ಹಿಡಿಯಲು ಒಳ್ಳೆಯ ಸುಳಿವು.

ಟೆಡ್ ಸ್ನೈಡರ್ ಕಂಪನಿ 1912ರ ಸುಮಾರಿಗೆ ವಾಟರ್ಸನ್, ಬರ್ಲಿನ್ ಅಂಡ್ ಸ್ನೈಡರ್ ಆಯಿತು. ಅದರ ಪಾಲುದಾರ, ಹಾಡು ಬರೆಯುತ್ತಿದ್ದ ಅರ್ವಿಂಗ್ ಬರ್ಲಿನ್ 1919ರಲ್ಲಿ ತನ್ನದೇ ಕಂಪನಿ ಮಾಡಿಕೊಂಡರು. 1917ರ "ಓವರ್ ದೇರ್" ಹಾಡನ್ನು ಮೊದಲು ವಿಲಿಯಂ ಜೆರೋಮ್ ಪ್ರಕಟಿಸಿದರು, ಆಮೇಲೆ ಲಿಯೋ ಫೀಸ್ಟ್ ಕೊಂಡುಕೊಂಡರು. ಹೀಗೆ ನಿಮಗೆ ಸಿಗುವ ಪ್ರಕಾಶಕರದ್ದೆಲ್ಲ ಒಂದು ಚಿಕ್ಕ ಪಟ್ಟಿ ಮಾಡಿಟ್ಟುಕೊಳ್ಳಿ. ಬೆಳೆದಷ್ಟೂ ಉಪಯೋಗ.

## ಹಂತ 5: ಹಿಂಬದಿಯ ಜಾಹೀರಾತು

ಹಿಂಬದಿ ಖಾಲಿ ಬಿಡುವ ಪ್ರಕಾಶಕರು ಕಡಿಮೆ. ಅಲ್ಲಿ ತಮ್ಮ ಬೇರೆ ಹಾಡುಗಳ ಜಾಹೀರಾತು, ಕೆಲವೊಮ್ಮೆ ನಾಲ್ಕೈದು ಸಾಲು ಸಂಗೀತದ ಸಮೇತ, ಹಾಕುತ್ತಿದ್ದರು. ಮುಖಪುಟದ ಕಲೆಯ ಬಗ್ಗೆ ಕೆಲಸ ಮಾಡುವವರು ಹಿಂಬದಿಯನ್ನು ಸ್ಕ್ಯಾನ್ ಕೂಡ ಮಾಡುವುದಿಲ್ಲ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮಾಡಬೇಕಾದ್ದು ಇಷ್ಟು. ಜಾಹೀರಾತಿನಲ್ಲಿರುವ ಪ್ರತಿ ಹಾಡಿನ ಹೆಸರು ಬರೆದುಕೊಳ್ಳಿ. ಒಂದೊಂದರ ಹಕ್ಕಿನ ವರ್ಷ ಹುಡುಕಿ. ಅವುಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ ಅದಕ್ಕಿಂತ ಹಿಂದೆ ನಿಮ್ಮ ಪ್ರತಿ ಅಚ್ಚಾಗಿರಲು ಸಾಧ್ಯವಿಲ್ಲ. ಹಾಡು 1912ರದ್ದು, ಹಿಂಬದಿಯಲ್ಲಿ 1915ರ ಹಾಡಿದೆ ಅಂದರೆ ಪ್ರತಿ 1915ರದ್ದೋ ಆಮೇಲಿನದೋ.

ಹುಡುಕಲು ದುಡ್ಡು ಕೊಡಬೇಕಿಲ್ಲ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಲೆಸ್ಟರ್ ಲೆವಿ ಸಂಗ್ರಹ, ಡ್ಯೂಕ್ ವಿಶ್ವವಿದ್ಯಾಲಯದ ಸಂಗ್ರಹ, ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯದ ಟೆಂಪಲ್ಟನ್ ಸಂಗ್ರಹ, ಲೈಬ್ರರಿ ಆಫ್ ಕಾಂಗ್ರೆಸ್, ಈ ನಾಲ್ಕೂ ಆನ್‌ಲೈನ್‌ನಲ್ಲಿವೆ. ಒಂದರಲ್ಲಿ ಸಿಕ್ಕದ್ದನ್ನು ಇನ್ನೊಂದರಲ್ಲಿ ತಾಳೆ ನೋಡಿ. ಒಂದೇ ಹೆಸರಿನ ಬೇರೆಬೇರೆ ಹಾಡುಗಳು ಬೇಕಾದಷ್ಟಿವೆ. ಹೆಸರಿನ ಜೊತೆಗೆ ಬರೆದವರು ಮತ್ತು ಪ್ರಕಾಶಕರು ಹೊಂದಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

## ಹಂತ 6: ಈಗ ಚಿತ್ರಕ್ಕೆ ಬನ್ನಿ

ಮೊದಲು ಚಿತ್ರದೊಳಗೆ ಅಂಟಿಸಿದ ಹಾಗೆ ಕಾಣುವ ಚಿಕ್ಕ ಫೋಟೋ ನೋಡಿ. ಅದು ಹಾಡು ಬರೆದವರದ್ದಲ್ಲ, ಸಾಮಾನ್ಯವಾಗಿ ಅದನ್ನು ರಂಗದ ಮೇಲೆ ಹಾಡುತ್ತಿದ್ದವರದ್ದು. ಒಂದೇ ಚಿತ್ರದ ಮೇಲೆ ಫೋಟೋ ಮಾತ್ರ ಬದಲಾಯಿಸಿ ಬೇರೆಬೇರೆ ಗಾಯಕರಿಗೆ ಬೇರೆಬೇರೆ ಪ್ರತಿ ಅಚ್ಚು ಹಾಕುವುದು ಮಾಮೂಲಿಯಾಗಿತ್ತು. ಆದ್ದರಿಂದ ಆನ್‌ಲೈನ್‌ನಲ್ಲಿ ಕಂಡ ಪ್ರತಿಯ ಫೋಟೋ ನಿಮ್ಮದಕ್ಕಿಂತ ಬೇರೆ ಇದ್ದರೆ ಗಾಬರಿ ಬೇಡ, ಎರಡೂ ಅಸಲಿ ಇರಬಹುದು.

ಫೋಟೋ ಅಷ್ಟೇ ಅಲ್ಲ, ಇಡೀ ಚಿತ್ರವೇ ಬದಲಾಗುವುದೂ ಇದೆ. "ಓವರ್ ದೇರ್"ಗೆ ನೋರಾ ಬೇಯ್ಸ್ ಎಂಬ ಗಾಯಕಿಯ ಫೋಟೋ ಇರುವ ಮುಖಪುಟ ಇದೆ, ಹಾಡುತ್ತಿರುವ ಸೈನಿಕರನ್ನು ನಾರ್ಮನ್ ರಾಕ್‌ವೆಲ್ ಬರೆದ ಮುಖಪುಟವೂ ಇದೆ. "ಈ ಹಾಡಿನ ಮುಖಪುಟ ಇಂಥವರು ಬರೆದದ್ದು" ಅಂತ ಬರೆದರೆ ಅರ್ಧ ಸುಳ್ಳು. "ಈ ಪ್ರತಿಯ ಮುಖಪುಟ" ಅಂತ ಬರೆಯಬೇಕು.

ಆಮೇಲೆ ಸಹಿ. ಕೆಳಗಿನ ಎರಡು ಮೂಲೆ, ಚಿತ್ರದ ಚೌಕಟ್ಟಿನ ಗೆರೆ, ಹುಲ್ಲು, ಬಟ್ಟೆಯ ಮಡಿಕೆ, ಬೇಲಿಯ ನೆರಳು, ಈ ಕ್ರಮದಲ್ಲಿ ಲೂಪ್ ಇಟ್ಟು ಹುಡುಕಿ. ಅಚ್ಚಿನ ಬಣ್ಣದಲ್ಲೇ ಸಹಿ ಕರಗಿಹೋಗಿರುವುದುಂಟು. ಟಾರ್ಚನ್ನು ಓರೆಯಾಗಿ ಹಿಡಿದರೆ ಕಾಗದದ ಏರುಪೇರು ಕಂಡೀತೇ ಹೊರತು ಸಹಿ ಕಾಣದು. ಅದಕ್ಕೆ ನೇರ ಬೆಳಕು ಬೇಕು.

ಪದೇ ಪದೇ ಸಿಗುವ ಸಹಿಗಳು ಇವು: ಸ್ಟಾರ್ಮರ್, ಫೈಫರ್, ಡೆ ಟಕಾಕ್ಸ್, ಬಾರ್ಬೆಲ್, ಫ್ರೂ, ಮ್ಯಾನಿಂಗ್, ಲೆಫ್. ಇವುಗಳಲ್ಲಿ ಕೆಲವನ್ನು ಬಳಸುವಾಗ ಎಚ್ಚರ ಬೇಕು.

ಸ್ಟಾರ್ಮರ್ ಅಂದರೆ ಒಬ್ಬರಲ್ಲ. ವಿಲಿಯಂ ಮತ್ತು ಫ್ರೆಡರಿಕ್ ಎಂಬ ಅಣ್ಣತಮ್ಮಂದಿರು ಕೂಡಿ ಕೆಲಸ ಮಾಡುತ್ತಿದ್ದರು. ಸಹಿಯಲ್ಲಿ ಮನೆತನದ ಹೆಸರಷ್ಟೇ ಇದ್ದರೆ ನೀವೂ ಅಷ್ಟೇ ಬರೆಯಿರಿ. ಆಂಡ್ರೆ ಡೆ ಟಕಾಕ್ಸ್ 1919ರಲ್ಲಿ ತೀರಿಕೊಂಡರು. ಅವರ ಸಹಿ ಇರುವ ಪ್ರತಿಯನ್ನು ಇಪ್ಪತ್ತರ ದಶಕದ್ದು ಅಂತ ಯಾರಾದರೂ ಹೇಳಿದರೆ, ಅದು ಹಳೆಯ ಚಿತ್ರದ ಮರುಮುದ್ರಣವೋ ವರ್ಷವೇ ತಪ್ಪೋ ನೋಡಬೇಕು. ಸಿಡ್ನಿ ಲೆಫ್ ಹುಟ್ಟಿದ್ದೇ 1901ರಲ್ಲಿ. 1908ರ ಹಾಡಿನ ಮೇಲೆ ಅವರ ಸಹಿ ಕಂಡರೆ ಹಾಡು ಹಳೆಯದು, ಮುಖಪುಟ ಹೊಸದು. ಕಲಾವಿದರ ಹುಟ್ಟು ಸಾವಿನ ವರ್ಷ ಹೀಗೆ ಒಂದು ಜರಡಿಯಾಗಿ ಕೆಲಸಕ್ಕೆ ಬರುತ್ತದೆ.

ಫೋಟೋದ ಕೆಳಗಿರುವ ಸ್ಟುಡಿಯೋ ಹೆಸರನ್ನು ಕಲಾವಿದರ ಹೆಸರು ಅಂತ ಬರೆದುಬಿಡುವುದು ಬಹಳ ಸಾಮಾನ್ಯವಾದ ತಪ್ಪು. ಅಚ್ಚುಕೂಟದ ಹೆಸರಿಗೂ ಇದೇ ಗತಿ ಆಗುತ್ತದೆ. ಇ. ಟಿ. ಪಾಲ್ ಕಂಪನಿಯ ಮಾರ್ಚ್ (ಕವಾಯತಿನ ನಡಿಗೆಯ ತಾಳದ) ಸಂಗೀತದ ಮುಖಪುಟಗಳಲ್ಲಿ ಕಾಣುವ "ಎ. ಹೋಯೆನ್" ಅನ್ನುವುದು ಅಚ್ಚು ಹಾಕಿದ ವರ್ಜೀನಿಯಾದ ರಿಚ್‌ಮಂಡಿನ ಲಿಥೋ (ಕಲ್ಲಚ್ಚು) ಕಂಪನಿ, ಚಿತ್ರ ಬರೆದವರಲ್ಲ.

ಸಹಿ ಇಲ್ಲದಿದ್ದರೆ? ಶೈಲಿ ನೋಡಿ ಹೆಸರು ಅಂಟಿಸಬೇಡಿ. ಒಬ್ಬರ ಹುಡುಗಿಯ ಮುಖ ಇನ್ನೊಬ್ಬರು ನಕಲು ಮಾಡುವುದು ಆ ಧಂದೆಯಲ್ಲಿ ದಿನದ ಮಾತು.

## ಒಮ್ಮೆ ಪೂರ್ತಿ ಮಾಡಿ ನೋಡೋಣ

ಅರ್ವಿಂಗ್ ಬರ್ಲಿನ್ ಅವರ 1911ರ "ಅಲೆಗ್ಸಾಂಡರ್ಸ್ ರ‍್ಯಾಗ್‌ಟೈಮ್ ಬ್ಯಾಂಡ್" ಸಿಕ್ಕಿತು ಅಂತಿಟ್ಟುಕೊಳ್ಳಿ. ಬ್ಯಾಂಡಿನವರ ಚಿತ್ರ, ಜಾನ್ ಫ್ರೂ ಅವರದು. ಅಳತೆ ದೊಡ್ಡದು, ಅಂಚು ನೇರವಾಗಿದೆ, ಕತ್ತರಿಸಿಲ್ಲ. ಒಳಗೆ 1911, ಟೆಡ್ ಸ್ನೈಡರ್ ಕಂಪನಿ. ಮುಖಪುಟದಲ್ಲೂ ಅದೇ ಹೆಸರು. ಹಿಂಬದಿಯಲ್ಲಿ 1911ಕ್ಕಿಂತ ಈಚಿನ ಹಾಡಿಲ್ಲ. ಆಗ "1911, ಆರಂಭದ ಮುದ್ರಣ ಇರಬಹುದು" ಅಂತ ಬರೆಯಬಹುದು. "ಮೊದಲ ಮುದ್ರಣ" ಅಂತ ಆಗಲೂ ಬರೆಯುವಂತಿಲ್ಲ.

ಅದೇ ಚಿತ್ರ, ಅದೇ 1911ರ ಸಾಲು, ಆದರೆ ಮುಖಪುಟದ ತಳದಲ್ಲಿ ವಾಟರ್ಸನ್, ಬರ್ಲಿನ್ ಅಂಡ್ ಸ್ನೈಡರ್ ಅಂತಿದ್ದರೆ? ಪ್ರತಿ ಕಂಪನಿ ಹೆಸರು ಬದಲಾದ ಮೇಲಿನದು. ಚಿತ್ರ ಮಾತ್ರ ನೋಡಿದವರಿಗೆ ಎರಡೂ ಒಂದೇ.

## ಹಂತ 7: ಲೂಪ್ ಇಟ್ಟು ಅಚ್ಚು ಪರೀಕ್ಷಿಸಿ

ಖರ್ಚು ಉಳಿಸಲು ಹೆಚ್ಚಿನ ಮುಖಪುಟಗಳನ್ನು ಎರಡು ಮೂರು ಬಣ್ಣದಲ್ಲಿ ಮುಗಿಸುತ್ತಿದ್ದರು. ಒಂದೊಂದು ಬಣ್ಣವೂ ಬೇರೆ ಶಾಯಿ. ಆದ್ದರಿಂದ ಅಸಲಿಯಲ್ಲಿ ಹಾಡಿನ ಹೆಸರಿನ ದೊಡ್ಡ ಅಕ್ಷರಕ್ಕೆ ಲೂಪ್ ಇಟ್ಟರೆ ಒಂದೇ ಶಾಯಿ ಗಟ್ಟಿಯಾಗಿ ತುಂಬಿರುತ್ತದೆ, ಅಂಚು ಚೂಪಾಗಿರುತ್ತದೆ. ಈಗಿನ ನಕಲಿನಲ್ಲಿ ಅದೇ ಅಕ್ಷರ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕಿಗಳ ರಂಗೋಲಿಯಾಗಿ ಒಡೆದು ಕಾಣುತ್ತದೆ. ಇಂಕ್‌ಜೆಟ್ ಆದರೆ ಚೆಲ್ಲಾಪಿಲ್ಲಿ ಹನಿಗಳು.

ಚುಕ್ಕಿ ಕಂಡ ಕೂಡಲೇ ನಕಲಿ ಅನ್ನಬೇಡಿ. ಚಿಕ್ಕ ಫೋಟೋ ಅಸಲಿಯಲ್ಲೂ ಚುಕ್ಕಿಗಳಿಂದಲೇ ಆಗಿರುತ್ತದೆ. ತಿಳಿಬಣ್ಣ ಬೇಕಾದ ಕಡೆ ಒಂದೇ ಬಣ್ಣದ ಸಾಲು ಚುಕ್ಕಿ ಹಾಕುವುದೂ ಇತ್ತು. ನೀವು ನೋಡಬೇಕಾದ್ದು ಗಟ್ಟಿ ಅಕ್ಷರದಲ್ಲಿ ಚುಕ್ಕಿ ಇದೆಯೇ ಅನ್ನುವುದನ್ನು. ಬಣ್ಣ ಸ್ವಲ್ಪ ಜರುಗಿ ಪಕ್ಕದಲ್ಲಿ ಬಿಳಿ ಗೆರೆ ಉಳಿದಿದ್ದರೆ ಅದು ದೋಷವಲ್ಲ, ಅಚ್ಚಿನ ಯಂತ್ರದ ಮಾಮೂಲಿ ಗುಣ.

ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚು ಹಾಕಿ. ಕಾಗದ ನೀಲಿಯಾಗಿ ಝಗ್ ಅಂತ ಹೊಳೆದರೆ ಅದಕ್ಕೆ ಹೊಳಪಿನ ರಾಸಾಯನಿಕ ಸೇರಿದೆ. ಅಂಥ ಕಾಗದ ಬಳಕೆಗೆ ಬಂದದ್ದು ಸುಮಾರು 1950ರ ಆಚೆಗೆ. ಹೊಳೆಯದಿದ್ದ ಮಾತ್ರಕ್ಕೆ ಹಳೆಯದು ಅಂತ ಸಾಬೀತಾಗುವುದಿಲ್ಲ.

## ಹಂತ 8: ಸ್ಕ್ಯಾನ್

ಮನೆಯ ಎ4 ಸ್ಕ್ಯಾನರ್‌ಗೆ ದೊಡ್ಡ ಪ್ರತಿ ಹಿಡಿಸುವುದಿಲ್ಲ. 9ಕ್ಕೆ 12 ಇಂಚಿನದೂ ಹಿಡಿಸುವುದಿಲ್ಲ. ಒತ್ತಿ ಕೂರಿಸಲು ಹೋಗಿ ಮಡಿಕೆ ಮುರಿದುಕೊಳ್ಳುವವರು ತುಂಬ ಜನ. ಎ3 ಸ್ಕ್ಯಾನರ್ ಇರುವ ಅಂಗಡಿ ಹುಡುಕಿ, ನೀವೇ ಇಟ್ಟು ನೀವೇ ತೆಗೆಯಿರಿ. ಮೇಲಿನಿಂದ ಎಳೆದುಕೊಳ್ಳುವ ಫೀಡರ್‌ಗೆ ಯಾವ ಕಾರಣಕ್ಕೂ ಹಾಕಬೇಡಿ.

ಪ್ರತಿಯ ಒಳಗೆ, ಮುಖಪುಟದ ಹಿಂದೆ ಒಂದು ಕಪ್ಪು ಹಾಳೆ ಇಡಿ. ಇಲ್ಲದಿದ್ದರೆ ಹಿಂದಿನ ಸಂಗೀತದ ಸಾಲುಗಳು ಚಿತ್ರದ ಮೇಲೆ ಮಸುಕಾಗಿ ಮೂಡುತ್ತವೆ. 600 ಡಿಪಿಐ (ಒಂದು ಇಂಚಿಗೆ 600 ಚುಕ್ಕಿ) ಇಡಿ. ಕಡಿಮೆ ಇಟ್ಟರೆ ಫೋಟೋದ ಚುಕ್ಕಿಗಳು ಅಲೆಅಲೆಯಾಗಿ ಕಾಣುತ್ತವೆ. ಟಿಫ್ ಫೈಲ್ ಒಂದನ್ನು ಮುಟ್ಟದೆ ಎತ್ತಿಡಿ, ತಿದ್ದುವುದೆಲ್ಲ ಅದರ ನಕಲಿನಲ್ಲಿ. ಅಂಚು ಕತ್ತರಿಸದೆ ಸುತ್ತ ಸ್ವಲ್ಪ ಜಾಗ ಬಿಡಿ. ಮುಖಪುಟ, ಕಾಪಿರೈಟ್ ಪುಟ, ಹಿಂಬದಿ, ಮೂರೂ ಬೇಕು.

## ಹಂತ 9: ಎತ್ತಿಡುವುದು

ಲ್ಯಾಮಿನೇಷನ್ ಮಾಡಿಸಿದರೆ ಮುಗಿಯಿತು, ಅದನ್ನು ಬಿಡಿಸಲಾಗುವುದಿಲ್ಲ. ಸೆಲ್ಲೋಟೇಪ್ ಕೂಡ ಬೇಡ, ಅದರ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಹಳೆಯ ಟೇಪ್ ಆಗಲೇ ಇದ್ದರೆ ಎಳೆಯಬೇಡಿ, ಬಣ್ಣದ ಸಮೇತ ಬರುತ್ತದೆ.

ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರ್, ಹಿಂದೆ ಆಮ್ಲರಹಿತ ರಟ್ಟು. ಪಿವಿಸಿ ಕವರ್ ಅಲ್ಲ. ಮೂಗಿಗೆ ಹಿಡಿದಾಗ ಹೊಸ ಪ್ಲಾಸ್ಟಿಕ್ಕಿನ ಘಾಟು ಬಂದರೆ ವಾಪಸ್ ಕೊಡಿ. ನಿಲ್ಲಿಸಬೇಡಿ, ಮಲಗಿಸಿಡಿ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಬೂಸ್ಟಿನ ಬಗ್ಗೆ ಜಾಗ್ರತೆ: ಹೊರಗೋಡೆಗೆ ತಾಗಿದ ಬೀರು ಬೇಡ, ಅಟ್ಟವೂ ಬೇಡ. ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಾಯಿಸಿ. ನುಸಿಗುಳಿಗೆಯನ್ನು ಕವರಿನೊಳಗೆ ಹಾಕಬೇಡಿ.

ವಿವರ ಬರೆಯುವುದು ಕವರಿನೊಳಗಿನ ಬೇರೆ ಚೀಟಿಯ ಮೇಲೆ. ಹಳೆಯ ಮಾಲೀಕರ ಸಹಿ, ಸಂಗೀತದಂಗಡಿಯ ಮೊಹರು ಇದ್ದರೆ ಅಳಿಸಬೇಡಿ. ಪ್ರತಿ ಯಾವ ಊರಿನಲ್ಲಿ ಮಾರಾಟವಾಯಿತು ಅನ್ನುವ ಸುಳಿವು ಅದೊಂದೇ.

## ಹಂತ 10: ಹಂಚಿಕೊಳ್ಳುವ ಮುನ್ನ

ಅಮೆರಿಕದಲ್ಲಿ ಆ ಕಾಲದ ಪ್ರಕಟಣೆಗೆ ಹಕ್ಕು 95 ವರ್ಷ. 1929ರಲ್ಲಿ ಪ್ರಕಟವಾದವು 2025ರ ಜನವರಿ 1ಕ್ಕೆ ಮುಕ್ತವಾದವು, ಪ್ರತಿ ಜನವರಿಗೆ ಇನ್ನೊಂದು ವರ್ಷ ಸೇರುತ್ತದೆ. ಭಾರತದ ಸಾಮಾನ್ಯ ನಿಯಮ ಬೇರೆ: ಚಿತ್ರ ಬರೆದವರು ತೀರಿಕೊಂಡ ಮೇಲೆ 60 ವರ್ಷ. ಸಿಡ್ನಿ ಲೆಫ್ ತೀರಿಕೊಂಡದ್ದು 2005ರಲ್ಲಿ. ಅವರ ಚಿತ್ರವನ್ನು ಟೀ ಶರ್ಟಿಗೆ ಹಾಕಿ ಇಲ್ಲಿ ಮಾರುವ ಯೋಚನೆ ಇದ್ದರೆ ಮೊದಲು ವಕೀಲರನ್ನು ಕೇಳಿ.

ಇನ್ನೊಂದು ವಿಷಯ. ಆಫ್ರಿಕನ್ ಅಮೆರಿಕನ್ನರನ್ನು, ಚೀನೀಯರನ್ನು, ಯಹೂದಿಗಳನ್ನು ಹೀನಾಯವಾಗಿ ಅಣಕಿಸುವ ಚಿತ್ರಗಳು ಈ ಮುಖಪುಟಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಅಂಥದನ್ನು "ವಿಂಟೇಜ್ ಕಲೆ" ಅಂತ ಸುಮ್ನೆ ಹಾಕಿಬಿಡುವುದು ಸರಿಯಲ್ಲ. ಚಿತ್ರವನ್ನು ತಿದ್ದಿ ಮುಖ ಮರೆಮಾಡುವುದೂ ಸರಿಯಲ್ಲ, ಅದು ದಾಖಲೆಯನ್ನೇ ಕೆಡಿಸಿದ ಹಾಗೆ. ಪೂರ್ತಿ ಹಾಕಿ, ಯಾರನ್ನು ಅಣಕಿಸಿದೆ, ಯಾವ ವರ್ಷ, ಯಾವ ಪ್ರಕಾಶಕರು ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಗೋಡೆಗೆ ತೂಗುಹಾಕಲು ಬೇರೆ ಮುಖಪುಟ ಆರಿಸಿಕೊಳ್ಳಿ.